ಪ್ರಶ್ನೋತ್ತರಕ್ಕೆ ಸಮಯವಿಲ್ಲ

ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಕಳೆದ ವಾರ ಫೋನ್ ಮಾಡಿ, ಕಾಕನ ಬಗ್ಗೆ ನಾನೂರು ಶಬ್ದ ಬರೆದು ಕೊಡಿ, ಸ್ಮರಣ ಸಂಚಿಕೆಗೆ ಬೇಕು ಎಂದರು. ಕಾಕ ಊರಿನಲ್ಲಿ ತೀರಿಕೊಂಡು ಆಗ ಒಂದು ತಿಂಗಳು ಕಳೆದಿತ್ತು. ರಿಯಾದಿನಲ್ಲಿ ಅವರನ್ನು ಹತ್ತಿರದಿಂದ ಕಂಡವನು ನಾನು, ಹಾಗಾಗಿ ಒಪ್ಪಿಕೊಂಡೆ. ಫೋನ್ ಇಡುವ ಮೊದಲು ಅವರು ಇನ್ನೊಂದು ಮಾತು ಸೇರಿಸಿದರು.

"ಮತ್ತೆ, ಇಸ್ತ್ರಿ ಗಿಸ್ತ್ರಿ ಅಂತ ಎಲ್ಲ ಬರೀಬೇಡಿ ಆಯ್ತಾ. ಸ್ಪಾನ್ಸರ್‌ಗಳು ನೋಡ್ತಾರೆ. ಲಾಂಡ್ರಿ ಉದ್ಯಮಿ ಅಂತ ಹಾಕಿ, ಚಂದ ಕಾಣ್ತದೆ."

ಉದ್ಯಮಿಯಂತೆ. ಬತ್ಹಾದ ಒಂದು ಓಣಿಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ನಿಂತುಕೊಂಡೇ ಇಸ್ತ್ರಿ ಹಾಕಿದ ಮನುಷ್ಯ. ಅಂಗಡಿ ವೀಸಾ ಕೊಟ್ಟ ಅರಬ ಧಣಿ ಕಫೀಲನದ್ದು, ಇಸ್ತ್ರಿಪೆಟ್ಟಿಗೆ ಕಫೀಲನದ್ದು, ಬೆವರು ಮಾತ್ರ ಇವರದ್ದು. ಅರಬರ ಬಿಳಿ ನಿಲುವಂಗಿ ತೋಬು, ತಲೆಗೆ ಹಾಕುವ ಗುತ್ರಾ, ಇವಕ್ಕೆ ಗಂಜಿ ಹಾಕಿ ಮಡಿಕೆ ಕೂರಿಸುವುದರಲ್ಲಿ ಆ ಓಣಿಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅದನ್ನು ಹೇಳಲು ಕಾಕನಿಗೆ ಯಾವತ್ತೂ ನಾಚಿಕೆಯಾದದ್ದಿಲ್ಲ. ನಾಚಿಕೆ ನಿಮಗೆ, ಕಾರ್ಯದರ್ಶಿಗಳೇ. ನಾನೂರು ಶಬ್ದದಲ್ಲಿ ಇದು ಮುಗಿಯುವುದೂ ಇಲ್ಲ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ನಾಳೆ ಅದರ ಹಿಂದೆ ಪ್ರಶಸ್ತಿ ಎಂದು ಸೇರಿಸಿ ಯಾರಾದರೂ ಕಂಟ್ರಾಕ್ಟರ್‌ಗೆ ಕೊಟ್ಟುಬಿಡುತ್ತೀರಿ. ಕರಾವಳಿಯ ಬ್ಯಾರಿ ಮುಸ್ಲಿಮರು ಹಿರಿಯರನ್ನು ಕರೆಯುವ ಹಾಗೆ ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು, ಇಲ್ಲಿಯೂ ಅಷ್ಟೇ ಸಾಕು.

ನಾನು ರಿಯಾದಿಗೆ ಬಂದ ಹೊಸತರಲ್ಲಿ ಅಂಗಿಗಳ ಗಂಟು ಹಿಡಿದು ಆ ಲಾಂಡ್ರಿಗೆ ಹೋಗಿದ್ದೆ. ಇಸ್ತ್ರಿ ಮೇಜಿನ ತುದಿಯಲ್ಲಿ ಗಂಜಿಯ ಬಾಟಲಿ, ಬಾಟಲಿಗೆ ಒರಗಿಸಿಟ್ಟ ಕನ್ನಡ ಪುಸ್ತಕ. ನಾನು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್, ಶಾಲೆ ಬಿಟ್ಟ ಮೇಲೆ ಕನ್ನಡ ಪುಸ್ತಕ ಮುಟ್ಟಿದವನಲ್ಲ. ಆದರೂ ಆ ಅಕ್ಷರ ನೋಡಿ ಗಂಟನ್ನು ಮರೆತು ಮೇಜಿನ ಹತ್ತಿರ ಬಗ್ಗಿದೆ. "ನೀವು ಕನ್ನಡವಾ?" ಎಂದು ಕೇಳಿದೆ.

"ಊಟ ಎಲ್ಲಿ ಮಾಡ್ತೀರಿ ಪೊರ್ಬುಗಳೇ?" ಎಂದರು. ನಮ್ಮ ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವುದು ಹಾಗೆ. ಕತ್ತಿನ ಶಿಲುಬೆ ಕಂಡಿರಬೇಕು.

ಆಫೀಸಿನ ಹತ್ತಿರದ ಮಾಲಿನಲ್ಲಿ ಎಂದೆ. ಅವರು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮಾಲಿನಲ್ಲಿ ತಿನ್ನಲಿಕ್ಕೆ ಗಲ್ಫಿಗೆ ಬಂದದ್ದಾ? ಮಂಡೆ ಸಮ ಉಂಟಾ ನಿಮಗೆ? ಶುಕ್ರವಾರ ಜುಮಾ ನಮಾಜು ಆದ ಮೇಲೆ ಇಲ್ಲಿಗೆ ಬನ್ನಿ."

ಹಾಗೆ ಶುರುವಾಯಿತು. ಈ ದೊಡ್ಡ ಪಟ್ಟಣದಲ್ಲಿ ಕಡಿಮೆ ಸಂಬಳದವನು ಹೊಟ್ಟೆ ತುಂಬ ಹೇಗೆ ಉಣ್ಣಬಹುದು ಎನ್ನುವುದನ್ನು ನನಗೆ ಕಲಿಸಿದ್ದು ಕಾಕ. ಅಫ್ಘಾನಿ ಭಟ್ಟಿಯಿಂದ ಆಗಷ್ಟೇ ತೆಗೆದ, ಮೊಳದುದ್ದದ ತಮೀಸ್ ರೊಟ್ಟಿ, ಜತೆಗೆ ಬೇಯಿಸಿ ಅರೆದ ಅವರೆಯಂಥ ಕಾಳಿನ ಫೂಲ್. ಇಬ್ಬರಿಗೆ ಒಂದು ತಟ್ಟೆ ಧಾರಾಳ. ಮಂದಿ ಎನ್ನುವ ಮಾಂಸದನ್ನ ಮಾಡುವ ಯೆಮೆನಿಯವರ ಹೋಟೆಲಿಗೆ ಮೂವರು ಹೋದರೆ ಇಬ್ಬರ ಪಾಲು ಮಾತ್ರ ಹೇಳಬೇಕು, ಅನ್ನ ಮತ್ತೆ ಕೇಳಿದರೆ ಬಡಿಸುತ್ತಾರೆ, ಕೇಳಲು ನಾಚಬಾರದು. ಪಾಕಿಸ್ತಾನಿಯ ದಾಲು ಬೆಳಿಗ್ಗೆ ಚೆನ್ನಾಗಿರುತ್ತದೆ, ಸಂಜೆಗೆ ಅದಕ್ಕೇ ನೀರು ಬೆರೆಸುತ್ತಾರೆ. ಶುಕ್ರವಾರಕ್ಕೆ ಮಾತ್ರ ಮಲಯಾಳಿ ಹೋಟೆಲೇ ಆಗಬೇಕು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಂದು ಪಲ್ಯ. ಬಡಿಸುವವನ ಹತ್ತಿರ ಕಾಕನ ಮಲಯಾಳ ಎಷ್ಟು ಜೋರೆಂದರೆ ನಮ್ಮ ಮೇಜಿಗೆ ಬಂಗುಡೆಯ ತಲೆ ಯಾವತ್ತೂ ಬರುತ್ತಿರಲಿಲ್ಲ, ನಡುವಿನ ತುಂಡೇ ಬರುತ್ತಿತ್ತು.

ಊಟ ಅರ್ಧ. ಉಳಿದರ್ಧ ಪುಸ್ತಕ. ಆ ಹೋಟೆಲಿನ ಮಹಡಿಯಲ್ಲಿ ಫ್ಯಾಮಿಲಿಯವರಿಗೆಂದು ಪರದೆ ಹಾಕಿದ ಕೋಣೆಗಳಿದ್ದವು. ನಮ್ಮಂಥ ಒಂಟಿ ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ. ಆದರೆ ಊಟದ ಗದ್ದಲ ಮುಗಿದು ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಆಗುವವರೆಗೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಯಜಮಾನನ ತೋಬಿಗೆ ಪುಕ್ಕಟೆ ಇಸ್ತ್ರಿ ಹಾಕಿಕೊಟ್ಟು ಕಾಕ ಆ ಒಂದೂವರೆ ತಾಸನ್ನು ನಮಗೆ ಮಾಡಿಸಿಕೊಟ್ಟಿದ್ದರು. ಏಳೆಂಟು ಜನ ಸೇರುತ್ತಿದ್ದೆವು. ಊಟದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಬಿಸಾಡಿ, ಪುಸ್ತಕಕ್ಕೆಂದು ಇನ್ನೊಂದು ಹೊಸ ಹಾಳೆ ಹಾಸಬೇಕು. ಸಾಬೂನು ಹಾಕಿ ಎರಡು ಸಲ ಕೈ ತೊಳೆಯಬೇಕು, ಕಾಕ ಮೂಸಿ ನೋಡುತ್ತಿದ್ದರು. ಮೀನಿನ ವಾಸನೆ ಬಂದರೆ ಆ ವಾರ ನೀವು ಕೇಳುವವರು ಮಾತ್ರ. ಒಬ್ಬೊಬ್ಬರು ಎರಡು ಪುಟ ಗಟ್ಟಿಯಾಗಿ ಓದಬೇಕು. ನಾನು ಓದಿದರೆ ಎಲ್ಲರೂ ನಗುತ್ತಿದ್ದರು, ನನ್ನ ಕನ್ನಡ ಪ್ರಸಂಗದಂತೆ ಕೇಳಿಸುತ್ತದಂತೆ, ಪಾದ್ರಿಗಳ ಪ್ರಸಂಗ. ಓದುವ ಮೊದಲು ಕಾಕ ಪುಟದ ಮೇಲೆ ಅಂಗೈಯಿಟ್ಟು ಎಡದಿಂದ ಬಲಕ್ಕೆ ಒಮ್ಮೆ ಒತ್ತಿ ಎಳೆಯುತ್ತಿದ್ದರು. ಕಸುಬಿನವರ ಕೈ, ಸುಮ್ಮನೆ ಇರುವುದಿಲ್ಲ.

ಪುಸ್ತಕಗಳು ಬರುತ್ತಿದ್ದ ಬಗೆ ಬೇರೆ. ರಜೆಗೆ ಊರಿಗೆ ಹೋಗುವವರ ಕೈಯಲ್ಲಿ ಎಲ್ಲರೂ ಏನಾದರೂ ಕಳಿಸುವುದು ಇಲ್ಲಿಯ ರಿವಾಜು: ಸಾಬೂನು, ಖರ್ಜೂರ, ಮಗಳಿಗೆ ಕೈಗಡಿಯಾರ. ಕಾಕ ಏನೂ ಕಳಿಸುತ್ತಿರಲಿಲ್ಲ. ಬದಲಿಗೆ, ಬರುವಾಗ ಒಂದು ಕನ್ನಡ ಪುಸ್ತಕ ಹಿಡಿದುಕೊಂಡು ಬನ್ನಿ ಎನ್ನುತ್ತಿದ್ದರು. ವಿಮಾನದ ತೂಕಕ್ಕೆ ಹೆದರಿ ಹಪ್ಪಳ ಬಿಟ್ಟು ಪುಸ್ತಕ ತಂದವರಿದ್ದಾರೆ. ಯಾವ ಪುಸ್ತಕ ಎಂದು ಕೇಳಿದರೆ "ತೆಳ್ಳಗಿನದ್ದು ತಂದರೆ ನಿಮಗೆ ಸುಖ, ದಪ್ಪದ್ದು ತಂದರೆ ನಮಗೆ ಸುಖ" ಎನ್ನುತ್ತಿದ್ದರು. ಮೊದಲ ಪುಟದಲ್ಲಿ ಹೊತ್ತು ತಂದವರ ಹೆಸರನ್ನು ತಾವೇ ಬರೆಯುತ್ತಿದ್ದರು.

ವರ್ಷಕ್ಕೊಮ್ಮೆ ಇಲ್ಲಿ ದೊಡ್ಡ ಪುಸ್ತಕ ಮೇಳ ನಡೆಯುತ್ತದೆ. ಜನ ತಳ್ಳುಗಾಡಿ ಹಿಡಿದುಕೊಂಡು ಅರೇಬಿಕ್ ಪುಸ್ತಕ ತುಂಬಿಸಿಕೊಂಡು ಹೋಗುತ್ತಾರೆ. ಕಾಕ ಪ್ರತಿ ವರ್ಷ ತಪ್ಪದೆ ಹೋಗುತ್ತಿದ್ದರು, ನನ್ನನ್ನೂ ಎಳೆದುಕೊಂಡು. ಒಳಗೆ ಹೋಗಿ ಒಂದೊಂದೇ ಮಳಿಗೆಯಲ್ಲಿ ನಿಂತು ಕನ್ನಡ ಪುಸ್ತಕ ಉಂಟಾ ಎಂದು ಕೇಳುವುದು. ಇಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು. "ಮತ್ತೆ ಯಾಕೆ ಕೇಳುವುದು ಕಾಕ?" ಎಂದರೆ, "ಕೇಳುವವರು ಉಂಟು ಅಂತ ಅವರಿಗೆ ಗೊತ್ತಾಗಬೇಡವಾ?" ಒಮ್ಮೆ ಈಜಿಪ್ಟಿನ ಒಬ್ಬ ಮುದುಕ ಪ್ರಕಾಶಕ, ಕನ್ನಡ ಎಂದರೆ ಎಂತಹ ಭಾಷೆ, ಸ್ವಲ್ಪ ಓದಿ ಕೇಳಿಸು ಎಂದ. ಕಾಕ ಚೀಲದಿಂದ ಪುಸ್ತಕ ತೆಗೆದು ಅಲ್ಲೇ ನಿಂತು ಒಂದು ಪುಟ ಓದಿದರು. ಆತ ಕುರ್ಚಿ ಕೊಟ್ಟ, ಚಹಾ ಕೊಟ್ಟ, ಕಣ್ಣು ಮುಚ್ಚಿಕೊಂಡು ಕೇಳಿದ. ಒಂದಕ್ಷರ ತಿಳಿಯದ ಆ ಪರದೇಶಿಗೆ ಇದ್ದ ತಾಳ್ಮೆ ನಮ್ಮ ಸಂಘಕ್ಕೆ ಇರಲಿಲ್ಲ. ಅದನ್ನೇ ಈಗ ಹೇಳಲು ಹೊರಟಿದ್ದೇನೆ.

ಕಾಕ ಓದಿದ್ದು ಏಳನೆಯ ಕ್ಲಾಸು, ಬಂಟ್ವಾಳದ ಕಡೆಯ ಸರಕಾರಿ ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಬ್ಯಾರಿ ಮಾತು. ರಿಯಾದಿಗೆ ಬಂದ ಕಾಲದಲ್ಲಿ ಅವರ ಕೋಣೆಯಲ್ಲಿ ಹನ್ನೆರಡು ಜನ, ಬರೆಯಲು ಬರುತ್ತಿದ್ದುದು ಇವರೊಬ್ಬರಿಗೆ. ಹಾಗಾಗಿ ಹನ್ನೆರಡು ಮನೆಗೆ ಕಾಗದ ಇವರೇ ಬರೆಯುತ್ತಿದ್ದರು. ಗಂಡ ಹೆಂಡತಿಗೆ ಬರೆಸುವುದು, ಮಗ ತಾಯಿಗೆ ಬರೆಸುವುದು, ಎಲ್ಲ ಇವರ ಕೈಯಿಂದ. ಫೋನು ಬಂದ ಮೇಲೆ ಆ ಕೆಲಸ ನಿಂತುಹೋಯಿತು. ಅಭ್ಯಾಸ ಬಿಡದ ಕೈ ಪುಸ್ತಕ ಹಿಡಿಯಿತು ಎನ್ನುತ್ತಿದ್ದರು.

ಒಂದು ವರ್ಷ ಯಾರೋ ಒಂದು ದಪ್ಪ ಕಾದಂಬರಿ ತಂದರು. ಕರಾವಳಿಯ ಒಂದು ಮನೆಯ ಕತೆ. ಆ ಮನೆಯ ದೊಡ್ಡ ಮಗ ಅರಬ್ ದೇಶಕ್ಕೆಂದು ನೂರ ನಲವತ್ತನೆಯ ಪುಟದಲ್ಲಿ ಬೊಂಬಾಯಿ ಬಸ್ ಹತ್ತುತ್ತಾನೆ. ಅಲ್ಲಿಂದ ಎರಡು ಕಾಗದ ಬರೆಯುತ್ತಾನೆ. ಆಮೇಲೆ ಪುಸ್ತಕದಲ್ಲಿ ಅವನ ಸುದ್ದಿಯೇ ಇಲ್ಲ. ತಂಗಿಯ ಮದುವೆಯಾಗುತ್ತದೆ, ಮನೆಗೆ ಹೆಂಚು ಹೋಗಿ ತಾರಸಿ ಬರುತ್ತದೆ, ತಂದೆ ಸಾಯುತ್ತಾನೆ, ಇವನನ್ನು ಯಾರೂ ನೆನೆಯುವುದೂ ಇಲ್ಲ. ಓದಿ ಮುಗಿದ ಶುಕ್ರವಾರ ಕಾಕ ಪುಸ್ತಕ ಮುಚ್ಚಲಿಲ್ಲ. ಹಿಂದೆ ಮುಂದೆ ಪುಟ ತಿರುಗಿಸಿ ಹುಡುಕಿದರು.

"ಇವ ಎಲ್ಲಿ ಹೋದ?"

"ಕಾದಂಬರಿ ಅಲ್ವಾ ಕಾಕ, ಬಿಟ್ಟಿರ್ತಾರೆ," ಎಂದೆ ನಾನು.

"ಕಾದಂಬರಿ ಆದರೆ ಮನುಷ್ಯರನ್ನು ಬಿಟ್ಟು ಹೋಗಬಹುದಾ? ತಾರಸಿ ಮಾಡಿದ್ದು ಯಾರ ಬೆವರಿಂದ ಮತ್ತೆ?"

ನಾವು ಸುಮ್ಮನಿರದೆ ಅವನಿಗೆ ಏನಾಗಿರಬಹುದೆಂದು ಒಬ್ಬೊಬ್ಬರಾಗಿ ಹೇಳತೊಡಗಿದೆವು. ನಮ್ಮಲ್ಲಿ ಟ್ರೇಲರ್ ಓಡಿಸುವವನೊಬ್ಬ, ಅವ ನಜ್ರಾನಿನಲ್ಲಿ ಯಾವುದೋ ತೋಟ ಕಾಯ್ತಾ ಇದ್ದಾನೆ, ಇಲ್ಲಿರುವ ಪರವಾನಗಿ ಇಕಾಮಾ ಮುಗಿದು ಹೋಗಿದೆ, ಊರಿಗೆ ಹೋಗುವ ಹಾಗಿಲ್ಲ ಎಂದ. ಲ್ಯಾಬಿನಲ್ಲಿ ಕೆಲಸ ಮಾಡುವವನು, ತಾಯಿಫಿನ ಆಸ್ಪತ್ರೆಯಲ್ಲಿ ವಾರ್ಡ್ ಗುಡಿಸುತ್ತಾನೆ, ಊರಿನವರಿಗೆ ಕಂಪೌಂಡರ್ ಅಂತ ಸುಳ್ಳು ಹೇಳಿದ್ದಾನೆ, ಅದಕ್ಕೇ ಕಾಗದ ಇಲ್ಲ ಎಂದ. ನಾನು ಅವನನ್ನು ಅಲ್ ಅಹ್ಸಾದ ಖರ್ಜೂರದ ಅಂಗಡಿಯಲ್ಲಿ ಕೂರಿಸಿ, ಇನ್ನೊಂದು ಮದುವೆಯನ್ನೂ ಮಾಡಿಸಿದೆ. ಎಲ್ಲರೂ ನಕ್ಕರು. ಕಾಕ ನಗಲಿಲ್ಲ.

"ಇದೆಲ್ಲ ನಮ್ಮ ನಮ್ಮ ಕತೆ. ನಾನು ಎಷ್ಟೋ ಜನರಿಗೆ ಕಾಗದ ಬರೆದು ಕೊಟ್ಟವ. ಎರಡು ಬರೆದು ಮೂರನೆಯದ್ದು ಬರೆಯದವನಿಗೆ ಎಂತಾದರೂ ಆಗಿಯೇ ಇರ್ತದೆ. ಬಸ್ಸಿಗೆ ಹತ್ತಿಸಿದ್ದು ಪುಸ್ತಕ ಬರೆದವರಲ್ವಾ? ಅವರ ಬಾಯಿಯಿಂದ ಕೇಳಬೇಕು ನನಗೆ."

ಅಲ್ಲಿಂದ ಮೇಲೆ ಅದು ಅವರಿಗೆ ಹಿಡಿದುಬಿಟ್ಟಿತು. ಬೇರೆ ಪುಸ್ತಕ ಓದುವಾಗಲೂ ನಡುವೆ ಒಮ್ಮೆ, ಆ ಬಸ್ಸಿನವನು ಎಲ್ಲಿ ಉಂಡನೋ, ಯಾರ ಕೋಣೆಯಲ್ಲಿ ಮಲಗಿದನೋ ಎನ್ನುತ್ತಿದ್ದರು. ಸ್ವಂತ ತಮ್ಮನ ವಿಷಯ ಮಾತಾಡಿದ ಹಾಗೆ.

ಹೀಗಿರುವಾಗ, ಎರಡು ವರ್ಷದ ಹಿಂದೆ, ನಮ್ಮ ಸಂಘಕ್ಕೆ ಸಾಹಿತ್ಯದ ಮೇಲೆ ಪ್ರೀತಿ ಉಕ್ಕಿತು. ಅದುವರೆಗೆ ಕ್ರಿಕೆಟ್ ಮತ್ತು ಬಿರಿಯಾನಿಯಲ್ಲಿ ಸುಖವಾಗಿದ್ದ ಸಂಘ. ಊರಿನಿಂದ ಲೇಖಕರೊಬ್ಬರನ್ನು ಕರೆಸಿ, ಅವರ ಹೊಸ ಪುಸ್ತಕವನ್ನು ರಿಯಾದಿನಲ್ಲೇ ಬಿಡುಗಡೆ ಮಾಡುವುದೆಂದು ತೀರ್ಮಾನವಾಯಿತು. ನಾನು ಸಮಿತಿಯಲ್ಲಿದ್ದೆ, ಕಾರ್ಯಕ್ರಮ ನಿರೂಪಣೆ ನನಗೇ ಬಂತು. ಲೇಖಕರು ಯಾರೆಂದು ತಿಳಿದಾಗ ನನಗೆ ನಂಬಲಾಗಲಿಲ್ಲ. ಆ ಕಾದಂಬರಿ ಬರೆದವರೇ. ಓಡಿಹೋಗಿ ಲಾಂಡ್ರಿಯಲ್ಲಿ ಹೇಳಿದೆ.

ಕಾಕ ಇಸ್ತ್ರಿ ನಿಲ್ಲಿಸಲಿಲ್ಲ. ಒಂದು ತೋಬು ಮುಗಿಸಿ ಹ್ಯಾಂಗರಿಗೆ ಹಾಕಿ ಆಮೇಲೆ ಕೇಳಿದರು. "ನಮ್ಮಂಥವರಿಗೆ ಕೇಳಲಿಕ್ಕೆ ಬಿಡ್ತಾರಾ?"

"ಪ್ರಶ್ನೋತ್ತರ ಉಂಟು ಕಾಕ. ಅರ್ಧ ಗಂಟೆ. ಮೈಕ್ ನನ್ನ ಕೈಯಲ್ಲೇ ಇರ್ತದೆ. ಮೊದಲ ಪ್ರಶ್ನೆ ನಿಮ್ಮದೇ."

ಇದು ನಾನು ಆಡಿದ ಮಾತು. ಬಾಯಾರೆ ಆಡಿದ್ದು, ಯಾರೂ ನನ್ನಿಂದ ಆಡಿಸಿದ್ದಲ್ಲ.

ಮೂರು ವಾರ ಕಾಕ ಆ ಪ್ರಶ್ನೆಯನ್ನು ಬರೆದರು, ಹರಿದರು, ಮತ್ತೆ ಬರೆದರು. ಮನೆಮಾತು ಬರಬಾರದು, ಪುಸ್ತಕದ ಕನ್ನಡ ಇರಬೇಕು ಎಂದು ಹಟ. ಕೊನೆಗೆ ಮೂರು ಸಾಲಿಗೆ ಬಂತು. "ಮಾನ್ಯರೇ, ತಮ್ಮ ಕಾದಂಬರಿಯ ಹಿರಿಯ ಮಗನು ನೂರ ನಲವತ್ತನೆಯ ಪುಟದಲ್ಲಿ ಬಸ್ಸು ಹತ್ತಿದನು. ಎರಡು ಪತ್ರ ಬರೆದನು. ಅನಂತರ ಅವನು ಏನಾದನು ಎಂಬುದನ್ನು ತಾವು ದಯವಿಟ್ಟು ತಿಳಿಸಬೇಕು." ಶುಕ್ರವಾರದ ಕೋಣೆಯಲ್ಲಿ ಎದ್ದು ನಿಂತು ನಮಗೆ ಓದಿ ತೋರಿಸಿದರು. ದಯವಿಟ್ಟು ಮೊದಲು ಬರಬೇಕೋ ಕೊನೆಗೆ ಬರಬೇಕೋ ಎಂದು ಅರ್ಧ ತಾಸು ಚರ್ಚೆಯಾಯಿತು.

ಕಾರ್ಯಕ್ರಮದ ದಿನ ಮಧ್ಯಾಹ್ನ ಕಾರ್ಯದರ್ಶಿಗಳಿಂದ ಕಾಕನಿಗೆ ಫೋನು. ಪುಸ್ತಕದ ವಿಷಯಕ್ಕಲ್ಲ. ಸನ್ಮಾನದ ಶಾಲುಗಳು ಊರಿನಿಂದ ಬ್ಯಾಗಿನಲ್ಲಿ ಮುದ್ದೆಯಾಗಿ ಬಂದಿವೆ, ಹೋಟೆಲಿನವರು ಇಸ್ತ್ರಿಗೆ ಬಾಯಿಗೆ ಬಂದ ರೇಟು ಹೇಳುತ್ತಿದ್ದಾರೆ, ನೀವು ಬಂದರೆ ಉಪಕಾರವಾಗುತ್ತಿತ್ತು. ಕಾಕ ತಮ್ಮ ಪೆಟ್ಟಿಗೆ ಹಿಡಿದುಕೊಂಡು ಬಂದರು. ಪಂಚತಾರಾ ಹೋಟೆಲಿನ ವೇದಿಕೆಯ ಹಿಂದೆ, ವೈರುಗಳ ನಡುವೆ ಒಂದು ಮೇಜು ಹಾಕಿ ಶಾಲುಗಳನ್ನೂ ಪೇಟಗಳನ್ನೂ ಮೇಜಿನ ಬಟ್ಟೆಗಳನ್ನೂ ಅವರ ಮುಂದೆ ಸುರಿದರು. ಇಡೀ ಸಭೆಯಲ್ಲಿ ಆ ಲೇಖಕರನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದಿದ್ದ ಮನುಷ್ಯ ವೇದಿಕೆಯ ಹಿಂದೆ ನಿಂತು, ಅವರನ್ನು ಒಂದು ಸಾಲೂ ಓದದವರ ಹೆಗಲಿಗೆ ಶಾಲು ಸಿದ್ಧಪಡಿಸುತ್ತಿದ್ದರು. ನಾನು ನೋಡಿದೆ. ನೋಡಿ, ಮೈಕ್ ಟೆಸ್ಟ್ ಮಾಡಲು ಹೋದೆ.

ಸಂಜೆ ಸಭೆ ಹೇಗೆ ನಡೆಯಿತೆಂದು ಹೋದವರಿಗೆಲ್ಲ ಗೊತ್ತು. ಅಧ್ಯಕ್ಷರು ಲೇಖಕರ ಆ ಹಳೆಯ ಕಾದಂಬರಿಯನ್ನು ಅಪರೂಪದ ಕವನ ಸಂಕಲನ ಎಂದು ಹೊಗಳಿದರು. ಲೇಖಕರು ತಲೆ ತಗ್ಗಿಸಿ ಕುಳಿತಿದ್ದರು. ಒಬ್ಬ ಸ್ಪಾನ್ಸರ್ ತನ್ನ ಕಂಪೆನಿಯ ಜಾಹೀರಾತು ಫಿಲ್ಮನ್ನು ಎರಡು ಸಲ ತೋರಿಸಿದ. ಇನ್ನೊಬ್ಬ ತಾನು ಬರಿಗೈಯಲ್ಲಿ ಬಂದು ಮೇಲೆ ಬಂದ ಕತೆಯನ್ನು ಮುಕ್ಕಾಲು ಗಂಟೆ ಹೇಳಿದ. ಹದಿನಾಲ್ಕು ಜನರಿಗೆ ಸನ್ಮಾನ. ಲೇಖಕರ ಭಾಷಣಕ್ಕೆ ಉಳಿದದ್ದು ಹತ್ತು ನಿಮಿಷ. ಅವರು ಎಂಟೇ ನಿಮಿಷದಲ್ಲಿ ಮುಗಿಸಿ, "ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ, ನನಗೆ ಅದೇ ಇಷ್ಟ" ಎಂದು ಕುಳಿತರು.

ಕಾಕ ಹಿಂದಿನ ಬಾಗಿಲ ಹತ್ತಿರ ನಿಂತಿದ್ದರು. ಕೈ ಎತ್ತಿದರು. ಎತ್ತಿದ ಕೈಯಲ್ಲಿ ಆ ಮೂರು ಸಾಲಿನ ಕಾಗದ. ನನಗೆ ವೇದಿಕೆಯಿಂದ ಚೆನ್ನಾಗಿ ಕಾಣುತ್ತಿತ್ತು.

ಅಷ್ಟರಲ್ಲಿ ಕಾರ್ಯದರ್ಶಿಗಳು ಕೆಳಗಿನಿಂದ ಒಂದು ಚೀಟಿ ಕೊಟ್ಟರು. "ಪ್ರಶ್ನೋತ್ತರ ಬೇಡ. ಬಫೆ ತಣಿಯುತ್ತಿದೆ. ವಿಐಪಿಗಳು ಹೊರಡುತ್ತಾರೆ." ನಾನು ಚೀಟಿ ನೋಡಿದೆ, ಕಾಕನ ಕೈ ನೋಡಿದೆ, ಮೈಕಿನಲ್ಲಿ ಹೇಳಿದೆ: "ಸಮಯದ ಅಭಾವದಿಂದಾಗಿ ಪ್ರಶ್ನೋತ್ತರವನ್ನು ಕೈಬಿಡಲಾಗಿದೆ. ದಯವಿಟ್ಟು ಎಲ್ಲರೂ ಭೋಜನಕ್ಕೆ ದಯಮಾಡಿಸಬೇಕು."

ಕೈಬಿಡಲಾಗಿದೆಯಂತೆ. ಯಾರು ಬಿಟ್ಟದ್ದು? ನಾನೇ. ಆದರೆ ವೇದಿಕೆಯ ಕನ್ನಡದಲ್ಲಿ ತಪ್ಪು ಮಾಡಿದವನು ಯಾರೆಂದು ಹೇಳಬೇಕಾಗುವುದಿಲ್ಲ. ಕುರ್ಚಿಗಳ ಸದ್ದಾಯಿತು, ಜನ ಎದ್ದರು. ಎದ್ದವರ ತಲೆಗಳ ಮೇಲೆ ಆ ಕೈ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಮೈಕ್ ನನ್ನ ಕೈಯಲ್ಲಿತ್ತು. ಒಂದು ನಿಮಿಷ, ಒಂದೇ ಪ್ರಶ್ನೆ ಉಂಟು ಎನ್ನಲು ಎಷ್ಟು ಹೊತ್ತು ಬೇಕಿತ್ತು? ಬಫೆಯ ಕುರಿಮಾಂಸ ಒಂದು ನಿಮಿಷದಲ್ಲಿ ಮಂಜುಗಡ್ಡೆಯಾಗುತ್ತಿತ್ತಾ? ಆಮೇಲೆ ನಾನು ಹುಡುಕಿದಾಗ ಕಾಕ ಇರಲಿಲ್ಲ. ಇಸ್ತ್ರಿಪೆಟ್ಟಿಗೆಯೂ ಇರಲಿಲ್ಲ. ಆ ದಿನ ಬಫೆಯಲ್ಲಿ ಎಷ್ಟು ಅನ್ನ ಉಳಿದು ಕಸಕ್ಕೆ ಹೋಯಿತೆಂದು ನಾನು ಕಣ್ಣಾರೆ ಕಂಡಿದ್ದೇನೆ. ಅಡುಗೆಗೆ ಅಷ್ಟು ಅವಸರವೇನೂ ಇರಲಿಲ್ಲ.

ಫೋನ್ ಮಾಡಿದೆ. "ಊಟ ಮಾಡದೆ ಹೋದಿರಲ್ಲ ಕಾಕ?"

"ಮಾಡಿದೆ ಮಾರಾಯ್ರೆ. ಅಫ್ಘಾನಿ ರೊಟ್ಟಿ ಬಿಸಿ ಇತ್ತು," ಎಂದರು. ಪ್ರಶ್ನೆಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನ ಶುಕ್ರವಾರ ಎಂದಿನಂತೆ ಬಂದರು, ಎಂದಿನಂತೆ ನಮ್ಮ ಕೈ ಮೂಸಿದರು, ಹೊಸ ಪುಸ್ತಕ ತೆಗೆದರು. ನನಗೆ ಅವರ ಮೇಲೂ ಸಿಟ್ಟು ಬಂತು. ಅವರು ನನ್ನನ್ನು ಬೈಯಬೇಕಿತ್ತು. ಎಂಥ ಗಂಡಸಯ್ಯಾ ನೀನು, ಮಾತು ಕೊಟ್ಟವನು ಎಂದು ಎಲ್ಲರ ಮುಂದೆ ಕೇಳಬೇಕಿತ್ತು. ಟ್ರೇಲರಿನವನು ತಡೆಯಲಾರದೆ, ಸಂಘದವರಿಗೆ ಹೋಗಿ ನಾಲ್ಕು ಬಿಡುವಾ ಕಾಕ ಎಂದ. ಕಾಕ ಅವನಿಗೆ ಓದಲು ಪುಸ್ತಕ ಕೊಟ್ಟು ಹೇಳಿದ್ದು ಇಷ್ಟು.

"ಬಿಡಿ. ಅವರಿಗೆ ಆ ಬಸ್ಸಿನವ ಗೊತ್ತಿಲ್ಲ. ಗೊತ್ತಿದ್ದರೆ ಅವರೇ ಕೇಳ್ತಿದ್ದರು."

ಲೇಖಕರು ಸಭೆಯಾದ ಮೇಲೂ ಎರಡು ದಿನ ಇಲ್ಲೇ ಇದ್ದರು. ಸಂಘದವರು ಅವರಿಗೆ ಮಾಲುಗಳನ್ನು ತೋರಿಸಿದರು. ಬತ್ಹಾದ ಆ ಹೋಟೆಲು ಅವರ ಕೋಣೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ಕರೆದುಕೊಂಡು ಹೋಗೋಣ ಎಂದು ನಾನು ಸಮಿತಿಯಲ್ಲಿ ಒಮ್ಮೆ ಹೇಳಿದ್ದು ನಿಜ. "ಅಲ್ಲೆಲ್ಲ ಕರ್ಕೊಂಡು ಹೋದರೆ ನಮ್ಮ ಮರ್ಯಾದೆ ಎಂತಾಗ್ತದೆ?" ಎಂದರು ಅಧ್ಯಕ್ಷರು. ಬಂಗುಡೆ ಸಾರು ಉಂಡರೆ ಹೋಗುವ ಮರ್ಯಾದೆ. ನಾನು ಎರಡನೆಯ ಸಲ ಹೇಳಲಿಲ್ಲ.

ಕಳೆದ ವರ್ಷ ಕಫೀಲ್ ಕಾಕನ ಇಕಾಮಾ ಹೊಸತು ಮಾಡಿಸಲಿಲ್ಲ. ವಯಸ್ಸಾಯಿತಂತೆ, ಕೈ ನಡುಗುತ್ತದಂತೆ, ಒಂದು ತೋಬು ಸುಟ್ಟರಂತೆ. ಮೂವತ್ತು ವರ್ಷದಲ್ಲಿ ಒಂದು ತೋಬು. ಹೋಗುವ ಮೊದಲಿನ ಶುಕ್ರವಾರ ಅವರು ಪುಸ್ತಕಗಳನ್ನೆಲ್ಲ ಹೊತ್ತು ತಂದು, ಮೊದಲ ಪುಟದ ಹೆಸರು ನೋಡಿ, ತಂದವರಿಗೆ ತಂದವರದ್ದನ್ನು ಹಿಂದಿರುಗಿಸಿದರು. ಆ ಕಾದಂಬರಿಯನ್ನು ಮಾತ್ರ, ಇದು ನನ್ನಲ್ಲಿರಲಿ ಎಂದು ಕೇಳಿ ಇಟ್ಟುಕೊಂಡರು. ಈಗ ಶುಕ್ರವಾರ ನಾವು ಮೂವರೋ ನಾಲ್ವರೋ ಸೇರುತ್ತೇವೆ, ಊಟ ಮಾಡಿ ಫೋನ್ ನೋಡುತ್ತಾ ಕೂರುತ್ತೇವೆ. ಮಹಡಿಯ ಕೋಣೆ ಕೇಳುವ ಧೈರ್ಯ ಯಾರಿಗೂ ಇಲ್ಲ. ಊರಿನಿಂದ ಕಾಕ ಎರಡು ಸಲ ಫೋನ್ ಮಾಡಿದ್ದರು. ಅವರ ಮಾತು ಶುರುವಾಗುತ್ತಿದ್ದುದು, ಎಂತ ಓದ್ತಾ ಇದ್ದೀರಿ ಎಂದು. ನಾನು ಸುಳ್ಳು ಹೇಳಿದೆ.

ಇನ್ನು ಕಾರ್ಯದರ್ಶಿಗಳೇ, ನೀವು ಕಾಕನ ಸ್ಮರಣೆಗೆ ಅದೇ ಪಂಚತಾರಾ ಹೋಟೆಲು ಗೊತ್ತುಮಾಡಿದ್ದೀರಿ. ಕಾರ್ಯಕ್ರಮದ ಪಟ್ಟಿಯನ್ನೂ ಕಳಿಸಿದ್ದೀರಿ. ಪ್ರಾರ್ಥನೆ, ಸ್ವಾಗತ, ದೀಪ, ಗಣ್ಯರ ನುಡಿನಮನ ಹನ್ನೊಂದು, ಸ್ಪಾನ್ಸರರಿಗೆ ಗೌರವ, ಭೋಜನ. ಅದನ್ನು ಓದಿದ ದಿನ ನನಗೆ ತಲೆ ಕೆಟ್ಟುಹೋಯಿತು. ಬರೆಯಲು ಕುಳಿತವನು ಪೆನ್ನು ಬಿಟ್ಟು ಆ ಲೇಖಕರಿಗೆ ಫೋನ್ ಮಾಡಿದೆ. ನನ್ನ ಹೆಸರು ಹೇಳಿದೆ, ರಿಯಾದಿನ ಕಾರ್ಯಕ್ರಮ ನೆನಪಿಸಿದೆ, ಒಬ್ಬ ಓದುಗರದ್ದು ಒಂದು ಪ್ರಶ್ನೆ ಬಾಕಿ ಇದೆ ಸಾರ್ ಎಂದೆ. ಕಾಕನ ಮೂರು ಸಾಲನ್ನು ನೆನಪಿನಿಂದಲೇ ಹೇಳಿದೆ.

ಆ ಕಡೆಯಿಂದ ಪುಟ ತಿರುಗಿಸುವ ಸದ್ದು ಕೇಳಿಸಿತು.

"ಮರೆತುಬಿಟ್ಟೆ," ಎಂದರು. "ಅವನನ್ನು ಬಸ್ಸಿಗೆ ಹತ್ತಿಸಿ ನಾನು ಮರೆತೇಬಿಟ್ಟೆ. ಇಷ್ಟು ವರ್ಷದಲ್ಲಿ ಒಬ್ಬ ವಿಮರ್ಶಕರೂ ಇದನ್ನು ಕೇಳಲಿಲ್ಲ. ಅವತ್ತು ಊಟದ ಹಾಲಿನಲ್ಲಿ ಒಂದು ಗಂಟೆ ತಟ್ಟೆ ಹಿಡಿದುಕೊಂಡು ನಿಂತಿದ್ದೆ ಕಣ್ರಿ. ಎಲ್ಲರೂ ಬಂದು ಫೋಟೊ ತೆಗೆಸಿಕೊಂಡರು. ಪುಸ್ತಕದ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ಇಲ್ಲಿ ನನ್ನನ್ನು ಓದಿದವರು ಯಾರೂ ಇಲ್ಲ ಅಂದುಕೊಂಡು ವಾಪಸು ಬಂದೆ."

ಅವರೇ ಮುಂದುವರಿಸಿದರು, ದನಿಯಲ್ಲಿ ಸ್ವಲ್ಪ ಉತ್ಸಾಹವಿತ್ತು.

"ಈಗ ಮರುಮುದ್ರಣ ಆಗ್ತಾ ಇದೆ. ಒಂದು ಅಧ್ಯಾಯ ಸೇರಿಸಬಹುದು, ಪ್ರಕಾಶಕರು ಒಪ್ಪುತ್ತಾರೆ. ಆದರೆ ಅಲ್ಲಿ ಅವನು ಏನು ಉಂಡ, ಎಲ್ಲಿ ಮಲಗಿದ, ನನಗೇನು ಗೊತ್ತು? ಗೊತ್ತಿಲ್ಲದ್ದಕ್ಕೇ ಬಿಟ್ಟುಬಿಟ್ಟಿದ್ದು ಅಂತ ಕಾಣುತ್ತೆ. ನಿಮ್ಮ ಆ ಓದುಗರನ್ನೇ ಕೇಳಿ ಬರೀತೀನಿ. ಅವರ ನಂಬರ್ ಕೊಡಿ."

ನಂಬರ್ ಇತ್ತು. ಎರಡು ವರ್ಷ ಇಬ್ಬರ ನಂಬರೂ ನನ್ನ ಒಂದೇ ಫೋನಿನಲ್ಲಿದ್ದವು.